ಎಲ್ಲಾ ಸಾಪೇಕ್ಷ ಅಂತೀರಲ್ಲ, ಲೆಕ್ಕ ಎಲ್ಲಿ ಸ್ವಾಮಿ?

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸು, ರಿಲೀಸು, ಅದು ಇದು ಅಂತ ಎಲ್ಲರೂ ಹೇಳೋ ಕಾರಣಗಳೇ. ಇವತ್ತು ಬರೀತಿರೋದು ಸಿಟ್ಟಿಗೆ. ಸಿಟ್ಟಲ್ಲಿ ಬರೆದದ್ದನ್ನ ಒಂದು ದಿನ ಬಿಟ್ಟು ಪಬ್ಲಿಶ್ ಮಾಡಬೇಕು ಅಂತಾರೆ. ನಾನು ಮೂರು ವಾರ ಬಿಟ್ಟೆ. ಇಳೀಲಿಲ್ಲ.

ವಿಷಯ ಇಷ್ಟು. ಹೋದ ತಿಂಗಳು ಊರಿಗೆ ಹೋಗಿದ್ದೆ. ಊರು ಅಂದ್ರೆ ಅಂಕಲಿ, ಚಿಕ್ಕೋಡಿ ತಾಲೂಕು, ಕೃಷ್ಣಾ ಹೊಳೀ ದಂಡಿ. (ಸಾಂಗ್ಲಿ ಕಡೆ ಇನ್ನೊಂದು ಅಂಕಲಿ ಇದೆ, ಅದೂ ಹೊಳೀ ದಂಡೀನೇ, ಆದ್ರೆ ಅದು ನಮ್ಮದಲ್ಲ.) ಅಲ್ಲಿ ಒಂದು ಕಾರ್ಯಕ್ರಮ, ಒಂದು ಭಾಷಣ. ಭಾಷಣಕಾರರು ದೊಡ್ಡವರು, ಹೆಸರು ಬೇಡ. ಮಾತು ಚೆನ್ನಾಗಿ ಆಡ್ತಾರೆ, ಅದನ್ನ ಒಪ್ಪಿಕೊಳ್ಳಲೇಬೇಕು. ನೀತಿ, ಧರ್ಮ, ಇವತ್ತಿನ ಹುಡುಗರು ಎಲ್ಲಾ ಮುಗಿಸಿ ಕೊನೆಗೆ ಐನ್‌ಸ್ಟೈನ್‌ಗೆ ಬಂದ್ರು.

"ಸೂರ್ಯನಿಂದ ಬೆಳಕು ಬರಾಕ ಎಂಟ ನಿಮಿಷ ಅಂತೀರಿ. ಐನ್‌ಸ್ಟೈನ್ ಏನಂದಾ? ಅದು ನಿಮ್ಮ ಎಂಟ ನಿಮಿಷ. ಇನ್ನೊಬ್ಬಾಂವಗ ನಾಕ ನಿಮಿಷ, ಮತ್ತೊಬ್ಬಗ ಹದಿನಾರು. ಬೆಳಕಿಗೇ ಕೇಳಿದ್ರ ನನಗ ಹೊತ್ತ ಹೋಗಿಲ್ಲ ಅಂತೈತಿ. ಅಂದ ಮ್ಯಾಲ ಸತ್ಯ ಅನ್ನೂದು ಎಲ್ಲೈತಿ? ಎಲ್ಲಾ ಸಾಪೇಕ್ಷ. ನಿಮ್ಮ ಸತ್ಯ ನಿಮಗ, ನನ್ನ ಸತ್ಯ ನನಗ."

ಚಪ್ಪಾಳೆ. ನನ್ನ ಪಕ್ಕ ಕೂತಿದ್ದ ನಮ್ಮ ಕಾಕಾ ಸಹ ಹೊಡೆದ್ರು.

ನನ್ನ ಸಿಟ್ಟಿಗೆ ಕಾರಣ ಅವರು ಪೂರ್ತಿ ತಪ್ಪು ಹೇಳಿದ್ರು ಅಂತಲ್ಲ. ಮೊದಲ ಎರಡು ಮಾತು ಸರಿ! ನಾಕು ನಿಮಿಷ, ಹದಿನಾರು ನಿಮಿಷ ಎರಡೂ ಸಾಧ್ಯ. ಸರಿಯಾದ ಎರಡು ಸಾಲು ಹೇಳಿ, ಅದರ ಬೆನ್ನ ಮೇಲೆ ಸುಳ್ಳನ್ನ ಕೂರಿಸಿ ದಾಟಿಸಿಬಿಡೋದು ಇದೆಯಲ್ಲ, ಅದು ಪೂರ್ತಿ ಸುಳ್ಳಿಗಿಂತ ಕೆಟ್ಟದ್ದು. ಮತ್ತೆ ಈ ಚಟ ಭಾಷಣಕಾರರಿಗೆ ಮಾತ್ರ ಇಲ್ಲ. ಬ್ಲಾಗ್ ಬರೆಯೋ ನಮ್ಮಲ್ಲೂ ವಾದದಲ್ಲಿ ಸಿಕ್ಕಿಹಾಕಿಕೊಂಡಾಗ "ಬಿಡಿ ಸಾರ್, ಎಲ್ಲಾ ಸಾಪೇಕ್ಷ" ಅಂತ ಐನ್‌ಸ್ಟೈನ್ ತಲೆ ಮೇಲೆ ಹಾಕಿ ಎದ್ದು ಹೋಗೋರು ಎಷ್ಟು ಜನ ಇಲ್ಲ? ನಾನೂ ಮಾಡಿದೀನಿ, ಕಾಲೇಜಲ್ಲಿದ್ದಾಗ.

ಸರಿ, ಲೆಕ್ಕಕ್ಕೆ ಬರೋಣ. ಹೆದರಬೇಡಿ, ಕೂಡಿಸೋದು ಭಾಗಿಸೋದು ಅಷ್ಟೆ.

ಸೂರ್ಯನಿಂದ ಭೂಮಿಗೆ ಬೆಳಕು ಬರೋಕೆ 499 ಸೆಕೆಂಡ್, ಅಂದ್ರೆ 8 ನಿಮಿಷ 19 ಸೆಕೆಂಡ್. ಇದು ಸೂರ್ಯ, ಭೂಮಿ ಎರಡೂ ಹೆಚ್ಚುಕಮ್ಮಿ ನಿಂತಿವೆ ಅಂತ ಕಾಣೋ ಚೌಕಟ್ಟಿನ ಲೆಕ್ಕ. (ಕಾಲೇಜಲ್ಲಿ ಫ್ರೇಮ್ ಆಫ್ ರೆಫರೆನ್ಸ್ ಅಂತ ಓದಿದ್ದು, ನಾನು ಬರೀ ಚೌಕಟ್ಟು ಅಂತೀನಿ.) ಈಗ ಒಂದು ರಾಕೆಟ್ಟು ಸೂರ್ಯನ ಕಡೆಯಿಂದ ಭೂಮಿ ಕಡೆಗೆ, ಬೆಳಕಿನ ವೇಗದ 60 ಪರ್ಸೆಂಟ್ ವೇಗದಲ್ಲಿ ಹೋಗ್ತಿದೆ ಅಂದ್ಕೊಳ್ಳಿ. ಅದರೊಳಗೆ ಕೂತವನಿಗೆ ತಾನು ನಿಂತಿದ್ದೀನಿ, ಸೂರ್ಯ ಭೂಮಿ ಎರಡೂ ಹಿಂದಕ್ಕೆ ಓಡ್ತಿವೆ ಅಂತ ಲೆಕ್ಕ. ಅವನ ಅಳತೆಯಲ್ಲಿ ಸೂರ್ಯ-ಭೂಮಿ ನಡುವಿನ ದೂರ 499 ಇಲ್ಲ, ಕುಗ್ಗಿ 399 ಬೆಳಕಿನ-ಸೆಕೆಂಡ್ ಆಗಿದೆ. ಜೊತೆಗೆ ಭೂಮಿ ಬೆಳಕಿನ ಎದುರಿಗೆ ಓಡಿ ಬರ್ತಿದೆ. ಬೆಳಕು ಅದರದೇ ವೇಗದಲ್ಲಿ ಈ ಕಡೆಯಿಂದ, ಭೂಮಿ 0.6 ವೇಗದಲ್ಲಿ ಆ ಕಡೆಯಿಂದ. 399ನ್ನ 1.6ರಿಂದ ಭಾಗಿಸಿ. 249 ಸೆಕೆಂಡ್ ಚಿಲ್ಲರೆ. ನಾಕು ನಿಮಿಷ ಆಯ್ತಲ್ಲ.

ರಾಕೆಟ್ಟನ್ನ ತಿರುಗಿಸಿ ಸೂರ್ಯನ ಕಡೆಗೆ ಓಡಿಸಿ. ಈಗ ಭೂಮಿ ಬೆಳಕಿನಿಂದ ತಪ್ಪಿಸಿಕೊಂಡು ಓಡ್ತಿರೋ ಹಾಗೆ ಕಾಣುತ್ತೆ. 399ನ್ನ 0.4ರಿಂದ ಭಾಗಿಸಿ. 998 ಸೆಕೆಂಡ್. ಹದಿನಾರೂವರೆ ನಿಮಿಷದ ಮೇಲೆ.

ಭಾಷಣಕಾರರು ಹೇಳಿದ್ದು ನಿಜಾನೇ ಆಯ್ತು. ಆದ್ರೆ ಈ ಲೆಕ್ಕದಲ್ಲಿ ಯಾವುದು ಬದಲಾಗಲಿಲ್ಲ ನೋಡಿ. ಮೂರೂ ಸಲ ಬೆಳಕಿನ ವೇಗ ಒಂದೇ, ಸೆಕೆಂಡಿಗೆ 299792458 ಮೀಟರ್. ನಿಮಗೆ ನಾಕು ನಿಮಿಷ ಬೇಕು ಅಂದ್ರೆ ಇಂಥ ದಿಕ್ಕಿಗೆ ಇಂಥ ವೇಗದಲ್ಲಿ ಹೋಗಲೇಬೇಕು, ಸುಮ್ಮನೆ ಕುರ್ಚಿ ಮೇಲೆ ಕೂತು "ನನ್ನ ಪ್ರಕಾರ ನಾಕು ನಿಮಿಷ" ಅಂದ್ರೆ ಆಗಲ್ಲ. ಊರಿನ ಬಸ್ಸಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸೂರ್ಯ ಮುಳುಗೋ ಕಡೆ ಹೊರಟ್ರೆ, ಭೂಮಿಯ ಬಾಕಿ ಓಡಾಟ ಬಿಟ್ಟು ಲೆಕ್ಕ ಹಾಕಿದ್ರೆ, ನಿಮ್ಮ ಚೌಕಟ್ಟಿನ ಪ್ರಯಾಣದ ಸಮಯ 499 ಸೆಕೆಂಡಿಗಿಂತ 28 ಮೈಕ್ರೋಸೆಕೆಂಡ್ ಜಾಸ್ತಿ. ಸೆಕೆಂಡಿನ ಹತ್ತು ಲಕ್ಷದಲ್ಲಿ 28 ಪಾಲು. ಇಪ್ಪತ್ತೊಂಬತ್ತಲ್ಲ, ನಿಮ್ಮಿಷ್ಟ ಬಂದಷ್ಟಲ್ಲ. ಪ್ರತಿಯೊಬ್ಬರಿಗೂ ಬೇರೆ ಉತ್ತರ ಇರಬಹುದು, ಆದ್ರೆ ಪ್ರತಿಯೊಬ್ಬರಿಗೂ ಇರೋದು ಒಂದೇ ಒಂದು ಸರಿ ಉತ್ತರ. ನನ್ನ ಉತ್ತರದಿಂದ ನಿಮ್ಮ ಉತ್ತರಕ್ಕೆ ಹೋಗೋ ದಾರೀನೂ ಬರೆದಿಟ್ಟಿದೆ.

ಇನ್ನೊಂದು. ಬೆಳಕು ಸೂರ್ಯನಿಂದ ಹೊರಟ ಮೇಲೇ ಭೂಮಿ ಮುಟ್ಟಿದ್ದು. ಇದರಲ್ಲಿ ಯಾವ ರಾಕೆಟ್ಟಿನವನಿಗೂ ತಕರಾರಿಲ್ಲ. ಮುಟ್ಟಿತು, ಆಮೇಲೆ ಹೊರಟಿತು ಅಂತ ಹೇಳೋ ಚೌಕಟ್ಟೇ ಇಲ್ಲ. ಬೆಳಕಿನಿಂದಲೂ ತಲುಪೋಕಾಗದಷ್ಟು ದೂರದ ಎರಡು ಘಟನೆಗಳಲ್ಲಿ ಯಾವುದು ಮೊದಲು ಅನ್ನೋದರಲ್ಲಿ ಜಗಳ ಬರಬಹುದು, ಅಲ್ಲಿ ಒಂದು ಇನ್ನೊಂದಕ್ಕೆ ಕಾರಣ ಆಗೋಕೆ ಸಾಧ್ಯಾನೇ ಇಲ್ಲ. ಕಾರಣ ಮೊದಲು, ಪರಿಣಾಮ ಆಮೇಲೆ ಅನ್ನೋದನ್ನ ಐನ್‌ಸ್ಟೈನ್ ಮುಟ್ಟಿಲ್ಲ.

"ಬೆಳಕಿಗೇ ಕೇಳಿದ್ರ" ಅನ್ನೋ ಮಾತಂತೂ ಎಲ್ಲರಿಗೂ ಇಷ್ಟ. ಯೋಗಿ, ಸಮಾಧಿ, ಕಾಲಾತೀತ ಏನೇನೋ ಶುರುವಾಗುತ್ತೆ. ಬೆಳಕಿನ ಮೇಲೆ ಕೂತ ಚೌಕಟ್ಟು ಅಂತ ಒಂದಿದ್ರೆ ಆ ಚೌಕಟ್ಟಿನಲ್ಲಿ ಬೆಳಕು ನಿಂತಿರಬೇಕು. ಆದ್ರೆ ಯಾವ ಚೌಕಟ್ಟಿನಲ್ಲೂ ಬೆಳಕು ಅದೇ ವೇಗದಲ್ಲಿ ಓಡ್ತಿರುತ್ತೆ ಅನ್ನೋದೇ ಈ ಸಿದ್ಧಾಂತದ ಅಡಿಪಾಯ. ಅಡಿಪಾಯ ಕಿತ್ತು ಅದೇ ಮನೆಯ ಮಾಳಿಗೆ ಮೇಲೆ ನಿಂತು ಭಾಷಣ ಮಾಡಿದ ಹಾಗೆ ಇದು. ಬೆಳಕನ್ನ ಕೇಳೋಕಾಗಲ್ಲ. ಕೇಳೋಕೆ ಅಲ್ಲಿ ಚೌಕಟ್ಟೇ ಇಲ್ಲ.

ರಾಕೆಟ್ಟು ಗಿಕೆಟ್ಟು ಎಲ್ಲಾ ಕಲ್ಪನೆ, ನಮಗ್ಯಾಕೆ ಅಂತೀರಾ? ನಮ್ಮ ರಾಜ್ಯದಲ್ಲೇ ನಡೆದದ್ದು ಹೇಳ್ತೀನಿ.

2014ರ ಸೆಪ್ಟೆಂಬರ್ 24ರ ಬೆಳಿಗ್ಗೆ 7 ಗಂಟೆ 17 ನಿಮಿಷಕ್ಕೆ ಮಂಗಳಯಾನದ ಇಂಜಿನ್ ಹೊತ್ತಿಕೊಳ್ಳಬೇಕಿತ್ತು. ಆಗ ನಾನಿನ್ನೂ ಶಾಲೆಯಲ್ಲಿದ್ದೆ, ಟಿವಿ ಮುಂದೆ ಕೂತಿದ್ದು ಚೆನ್ನಾಗಿ ನೆನಪಿದೆ. ನೌಕೆ ಸುಮಾರು 22 ಕೋಟಿ ಕಿಲೋಮೀಟರ್ ಆಚೆ. ಅಲ್ಲಿಂದ ರೇಡಿಯೋ ಸುದ್ದಿ ಬರೋಕೆ ಹನ್ನೆರಡೂವರೆ ನಿಮಿಷ. ಬ್ಯಾಲಾಳು ಗೊತ್ತಲ್ಲ, ಬೆಂಗಳೂರು ಹತ್ರ ಇಸ್ರೋದವರ 32 ಮೀಟರ್ ಅಗಲದ ಆಂಟೆನಾ ಇರೋ ಜಾಗ. ಅಂಥ ದೂರದ ನೌಕೆಗಳ ಪಿಸುಮಾತು ಕೇಳೋಕೇ ಕಟ್ಟಿದ್ದು ಅದು. ಇಂಜಿನ್ ಉರಿಯೋಕೆ ಶುರುವಾದ ಸುದ್ದಿ ಭೂಮಿಗೆ ಸಿಕ್ಕಿದ್ದು ಏಳೂವರೆ ಹೊತ್ತಿಗೆ. ಆ ಹನ್ನೆರಡೂವರೆ ನಿಮಿಷದಲ್ಲಿ "ಮಂಗಳದಲ್ಲಿ ಈಗ ಏನಾಗ್ತಿದೆ" ಅನ್ನೋ ಪ್ರಶ್ನೆಯಲ್ಲಿರೋ "ಈಗ" ಇದೆಯಲ್ಲ, ಅದು ಯಾರ ಚೌಕಟ್ಟಿನ ಈಗ ಅಂತ ಹೇಳದೇ ಹೋದ್ರೆ ಅರ್ಥ ಆಗಲ್ಲ. ಬೆಳಕಿನ ಪ್ರಯಾಣದ ಸಮಯ ಚೌಕಟ್ಟಿಗೆ ತಕ್ಕ ಹಾಗೆ ಬದಲಾಗೋ ಗುಟ್ಟೂ ಅದೇ. ದೂರದಲ್ಲಿ ಆಗ್ತಿರೋದಕ್ಕೂ ಇಲ್ಲಿ ಆಗ್ತಿರೋದಕ್ಕೂ ಒಂದೇ "ಈಗ" ಇಲ್ಲ. ಇಷ್ಟೆಲ್ಲಾ ಇದ್ರೂ ಇಸ್ರೋದವರು ಎಲ್ಲಾ ಸಾಪೇಕ್ಷ ಅಂತ ಕೈ ಕಟ್ಟಿ ಕೂರಲಿಲ್ಲ. ಇಲ್ಲಿಂದ ಆ ಕ್ಷಣಕ್ಕೆ ಏನೂ ಮಾಡೋಕಾಗಲ್ಲ ಅಂತ ಗೊತ್ತಿದ್ದಕ್ಕೇ ಆದೇಶಗಳನ್ನೆಲ್ಲ ಮೊದಲೇ ನೌಕೆಗೆ ತುಂಬಿಸಿಟ್ಟಿದ್ರು. ಯಾವ ಗಡಿಯಾರ, ಯಾವ ಚೌಕಟ್ಟು ಅಂತ ಬರೆದು ಲೆಕ್ಕ ಹಾಕಿದ್ರು. ನೌಕೆ ಕಕ್ಷೆಗೆ ಸೇರಿತು.

ಇಸ್ರೋ ದೊಡ್ಡ ಮಾತಾಯ್ತು. ನಾನು ನನ್ನ ಕೈಯಾರೆ ಪೆಟ್ಟು ತಿಂದ ಕತೆ ಹೇಳ್ತೀನಿ, ಇದನ್ನ ಹೇಳೋಕೇ ಒಂಥರಾ ನಾಚಿಕೆ.

ಮೊಬೈಲಿನ ಜಿಪಿಎಸ್ ಹೇಗೆ ಕೆಲಸ ಮಾಡುತ್ತೆ ಅಂತ ನಾನೇ ಪ್ರೋಗ್ರಾಂ ಬರೆದು ನೋಡಬೇಕು ಅನ್ನೋ ಹುಚ್ಚು ಬಂತು. ಆಂಡ್ರಾಯ್ಡ್ ಫೋನುಗಳಲ್ಲಿ 2016ರಿಂದ ಉಪಗ್ರಹದ ಕಚ್ಚಾ ಅಳತೆಗಳನ್ನ ಓದಬಹುದು. ಊರಿಗೆ ಹೋದಾಗ ನಮ್ಮ ಮನೆ ಮಾಳಿಗೆ ಮೇಲೆ ಫೋನ್ ಇಟ್ಟು ಅರ್ಧ ಗಂಟೆ ಅಳತೆ ತಗೊಂಡೆ. ತತ್ವ ಸರಳ. ಉಪಗ್ರಹ ಇಂಥ ಹೊತ್ತಿಗೆ ಇಂಥ ಕಡೆಯಿಂದ ಸಿಗ್ನಲ್ ಬಿಟ್ಟಿತು, ಇಷ್ಟು ಹೊತ್ತಿಗೆ ನನಗೆ ಮುಟ್ಟಿತು, ಸಮಯವನ್ನ ಬೆಳಕಿನ ವೇಗದಿಂದ ಗುಣಿಸಿದ್ರೆ ದೂರ. ನಾಕು ಉಪಗ್ರಹ ಸಿಕ್ರೆ ನೀವೆಲ್ಲಿದ್ದೀರಿ ಅಂತ ಗೊತ್ತಾಗುತ್ತೆ. ಬರೆದೆ, ಓಡಿಸಿದೆ. ಉತ್ತರ ಬಂತು. ಮ್ಯಾಪ್ ಮೇಲೆ ಹಾಕಿ ನೋಡಿದ್ರೆ ನಮ್ಮ ಮನೆ ಸುಮಾರು 30 ಮೀಟರ್ ಪೂರ್ವಕ್ಕೆ ಸರಿದು ಪಕ್ಕದವರ ಕಬ್ಬಿನ ಗದ್ದೆಯಲ್ಲಿ ಕೂತಿದೆ!

ಎರಡನೇ ಸಲ ಅಳತೆ ತಗೊಂಡೆ. ಮತ್ತೆ ಪೂರ್ವಕ್ಕೆ ಸುಮಾರು 30 ಮೀಟರ್. ಅಲ್ಲಿ ಇಲ್ಲಿ ಚೆಲ್ಲಾಡಿದ್ರೆ ಫೋನಿನ ತಪ್ಪು ಅನ್ನಬಹುದಿತ್ತು. ಪ್ರತಿ ಸಲ ಒಂದೇ ದಿಕ್ಕಿಗೆ ಅಂದ್ರೆ ತಪ್ಪು ನನ್ನದೇ. ರಾತ್ರಿ ಎರಡರ ತನಕ ಕೂತು ಹುಡುಕಿದೆ. ಅವ್ವ ಎರಡು ಸಲ ಬಂದು ಬೈದು ಹೋದ್ಲು.

ತಪ್ಪು ಏನಂದ್ರೆ, ಉಪಗ್ರಹ ಸುಮಾರು 20200 ಕಿಲೋಮೀಟರ್ ಮೇಲಿದೆ. ಅಲ್ಲಿಂದ ಸಿಗ್ನಲ್ ಬರೋಕೆ 0.07 ಸೆಕೆಂಡ್ ಆಸುಪಾಸು. ಆ ಹೊತ್ತಲ್ಲಿ ಭೂಮಿ ಸುಮ್ಮನೆ ಇರಲ್ಲ, ತಿರುಗ್ತಿರುತ್ತೆ. ಅಂಕಲಿ ಹದಿನಾರೂವರೆ ಡಿಗ್ರಿ ಅಕ್ಷಾಂಶದಲ್ಲಿದೆ, ನಮ್ಮ ಮನೆ, ಕಬ್ಬಿನ ಗದ್ದೆ, ಹೊಳೆ, ಅವ್ವನ ಬೈಗುಳ ಸಮೇತ ಸೆಕೆಂಡಿಗೆ ಸುಮಾರು 445 ಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡ್ತಿದೆ. 445ನ್ನ 0.07ರಿಂದ ಗುಣಿಸಿ. 31 ಮೀಟರ್. ನಾನು ಭೂಮಿಗೆ ಅಂಟಿಕೊಂಡ, ತಿರುಗೋ ಚೌಕಟ್ಟಲ್ಲಿ ಕೂತು, ತಿರುಗದ ಚೌಕಟ್ಟಿನ ಸರಳ ಸೂತ್ರ ಹಾಕಿದ್ದೆ. ತಿರುಗೋ ಚೌಕಟ್ಟಿನಲ್ಲಿ ಪೂರ್ವಕ್ಕೆ ಹೋಗೋ ಬೆಳಕಿಗೂ ಪಶ್ಚಿಮಕ್ಕೆ ಹೋಗೋ ಬೆಳಕಿಗೂ ಒಂದೇ ದೂರಕ್ಕೆ ಒಂದೇ ಸಮಯ ಹಿಡಿಯಲ್ಲ. ಇದಕ್ಕೆ ಸಾಗ್ನಾಕ್ ಪರಿಣಾಮ ಅಂತ ಹೆಸರು, ಫ್ರಾನ್ಸಿನ ಸಾಗ್ನಾಕ್ ತಿರುಗೋ ಮೇಜಿನ ಮೇಲೆ ಇದನ್ನ ತೋರಿಸಿದ್ದು 1913ರಲ್ಲಿ. (ಇದರಿಂದ ಐನ್‌ಸ್ಟೈನ್ ತಪ್ಪು ಅಂತ ಸಾಬೀತಾಯ್ತು ಅನ್ನೋ ವೀಡಿಯೋಗಳು ಬೇಕಾದಷ್ಟಿವೆ. ನೋಡಬೇಡಿ. ತಿರುಗದ ಚೌಕಟ್ಟಿಗೆ ಬಂದು ನೋಡಿದ್ರೆ ಬೆಳಕಿನ ವೇಗ ಎರಡೂ ದಿಕ್ಕಿಗೆ ಒಂದೇ, ಓಡಿದ್ದು ನಮ್ಮ ಮಾಳಿಗೆ.)

ಪ್ರೋಗ್ರಾಮಿಗೆ ಎರಡು ಸಾಲು ಸೇರಿಸಿದೆ. ಮನೆ ವಾಪಸ್ ಜಾಗಕ್ಕೆ ಬಂತು.

ಈಗ ಹೇಳಿ, ಬೆಳಕಿನ ಪ್ರಯಾಣದ ಸಮಯ ಸಾಪೇಕ್ಷ ಅನ್ನೋದು ನನಗೆ ಏನು ಕೊಡ್ತು? ಬಿಡುವು ಕೊಡಲಿಲ್ಲ, ಎರಡು ಸಾಲು ಜಾಸ್ತಿ ಬರೆಸಿತು. ಜಿಪಿಎಸ್ ಉಪಗ್ರಹದ ಗಡಿಯಾರ ನಮ್ಮ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತೆ, ಅಷ್ಟು ಹೊತ್ತಲ್ಲಿ ಬೆಳಕು 11 ಕಿಲೋಮೀಟರ್ ಹೋಗುತ್ತೆ. ಅದನ್ನೂ ತಿದ್ದಬೇಕು. ಚೌಕಟ್ಟು ಬದಲಾಗುತ್ತೆ ಅಂದ ಕೂಡಲೇ ಕೆಲಸ ಜಾಸ್ತಿ ಆಗುತ್ತೆ ಸ್ವಾಮಿ, ಮಾಫಿ ಆಗಲ್ಲ. ಎಲ್ಲಾ ಸಾಪೇಕ್ಷ ಅನ್ನೋರು ಮಾಫಿ ಕೇಳ್ತಿದ್ದಾರೆ.

ಮಜಾ ಅಂದ್ರೆ ಭಾಷಣ ಮುಗಿದ ಮೇಲೆ ನಾನು ಹತ್ತಿರ ಹೋಗಿ, "ಸರ್, ನಾಕು ನಿಮಿಷ ಅಂದ್ರಲ್ಲ, ಎಷ್ಟು ವೇಗದಲ್ಲಿ ಹೋಗೋನಿಗೆ?" ಅಂತ ಕೇಳಿದೆ. ಹೆಗಲ ಮೇಲೆ ಕೈ ಹಾಕಿ, "ತಮ್ಮಾ, ಅದೂ ಸಾಪೇಕ್ಷ" ಅಂದು ನಕ್ಕರು. ಕಾರು ಹತ್ತಿದ್ರು. ಡ್ರೈವರು ಫೋನಲ್ಲಿ ದಾರಿ ಹಾಕ್ಕೊಂಡ.

ಕೋಲಾರದ ಕತೆ ಗೊತ್ತಿರೋರು ಕಮ್ಮಿ, ಅದನ್ನೂ ಹೇಳಿಬಿಡ್ತೀನಿ. ಇದು ಬೆಳಕಲ್ಲ, ಬೆಳಕಿಗೆ ತೀರಾ ಹತ್ತಿರದ ವೇಗದಲ್ಲಿ ಬರೋ ಮ್ಯೂಆನ್ ಅನ್ನೋ ಕಣ. ವಾತಾವರಣದಲ್ಲಿ ಸುಮಾರು 15 ಕಿಲೋಮೀಟರ್ ಮೇಲೆ ಹುಟ್ಟುತ್ತೆ. ಅದರ ಸರಾಸರಿ ಆಯುಸ್ಸು 2.2 ಮೈಕ್ರೋಸೆಕೆಂಡ್, ಅಷ್ಟರಲ್ಲಿ ಬೆಳಕಿನ ವೇಗದಲ್ಲಿ ಓಡಿದ್ರೂ 660 ಮೀಟರ್ ದಾಟಲ್ಲ. ನೆಲಕ್ಕೆ ಬರೋಕೆ 50 ಮೈಕ್ರೋಸೆಕೆಂಡ್ ಬೇಕು. ಹಳೇ ಲೆಕ್ಕದಲ್ಲಿ ನೂರು ಕೋಟಿಗೆ ಒಂದೂ ನೆಲ ಮುಟ್ಟಬಾರದು. ಆದ್ರೆ ಈಗ ನೀವಿದನ್ನ ಓದ್ತಿರುವಾಗ ನಿಮ್ಮ ಅಂಗೈ ಮೇಲೆ ಹೆಚ್ಚುಕಮ್ಮಿ ಸೆಕೆಂಡಿಗೊಂದು ಬಿದ್ದು ದಾಟಿ ಹೋಗ್ತಿದೆ. ನಮ್ಮ ಚೌಕಟ್ಟಿನಲ್ಲಿ ಅದರ ಗಡಿಯಾರ ನಿಧಾನ. ಅದರ ಚೌಕಟ್ಟಿನಲ್ಲಿ ಗಡಿಯಾರ ಸರಿಯಾಗೇ ಇದೆ, 15 ಕಿಲೋಮೀಟರ್ ಇರಬೇಕಾದ ಗಾಳಿ ಕುಗ್ಗಿ ಕೆಲವು ನೂರು ಮೀಟರ್ ಆಗಿದೆ. ಕಾರಣ ಬೇರೆ ಬೇರೆ. ನೆಲ ಮುಟ್ಟಿತಾ ಇಲ್ವಾ? ಮುಟ್ಟಿತು. ಇಬ್ಬರದೂ ಒಂದೇ ಉತ್ತರ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1951ರಲ್ಲಿ ಕೋಲಾರದ ಚಿನ್ನದ ಗಣಿಗೆ ಇಳಿದು ಇವನ್ನ ಎಣಿಸೋಕೆ ಶುರು ಮಾಡಿದ್ರು. ಮುಂದೆ ಅದೇ ಗಣಿಯಲ್ಲಿ ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 1965ರಲ್ಲಿ, ವಾತಾವರಣದ ನ್ಯೂಟ್ರಿನೋಗಳ ಗುರುತು ಸಿಕ್ಕಿತು. ಗಣಿ 2001ರಲ್ಲಿ ಮುಚ್ಚಿತು. ಸಾಪೇಕ್ಷತೆ ಬಗ್ಗೆ ಮಾತಾಡೋಕೆ ನಮಗೆ ಕರ್ನಾಟಕದಲ್ಲೇ ಇಂಥ ಜಾಗ ಇರುವಾಗ ಬರೀ ಒಂದು ಗಾದೆ ಇಟ್ಟುಕೊಂಡು ಕೂತಿದೀವಿ.

ಗೊಂದಲಕ್ಕೆ ಹೆಸರೂ ಒಂದು ಕಾರಣ ಅಂತ ನನ್ನ ಗುಮಾನಿ. ಈ ಹೆಸರು ಸರಿಯಿಲ್ಲ, ತಪ್ಪು ತಿಳುವಳಿಕೆಗೆ ದಾರಿ ಮಾಡಿದೆ ಅಂತ ಐನ್‌ಸ್ಟೈನ್ ತಾವೇ 1921ರಲ್ಲಿ ಒಂದು ಪತ್ರದಲ್ಲಿ ಒಪ್ಪಿಕೊಂಡಿದ್ರು. ಬದಲಾಗದ್ದರ ಸಿದ್ಧಾಂತ ಅಂತ ಹೆಸರಿಟ್ಟಿದ್ರೆ ಇವತ್ತು ಭಾಷಣಕಾರರು ಏನ್ ಮಾಡ್ತಿದ್ರೋ. ಕನ್ನಡದಲ್ಲಿ ಇದನ್ನ ಸರಿಯಾಗಿ ಹೇಳಿದವರಿಲ್ಲ ಅನ್ನೋ ಹಾಗೂ ಇಲ್ಲ. ಜಿ.ಟಿ. ನಾರಾಯಣ ರಾವ್ ಅವರ 'ಐನ್‌ಸ್ಟೈನ್ ಬಾಳಿದರಿಲ್ಲಿ' ಇದೆ. ಅವರು 2008ರಲ್ಲಿ ತೀರಿಕೊಂಡ್ರು. ಪುಸ್ತಕ ಎಲ್ಲಾದ್ರೂ ಸಿಕ್ರೆ ಬಿಡಬೇಡಿ.

ಒಂದು ಭಾಷಣಕ್ಕೆ ಇಷ್ಟು ಸಿಟ್ಟಾ ಅಂತ ಕೇಳ್ತೀರಿ, ಗೊತ್ತು. ಅದಕ್ಕೆ ಬೇರೆ ಕಾರಣ ಇದೆ.

2019ರ ಆಗಸ್ಟ್‌ನಲ್ಲಿ ಹೊಳೆ ಬಂತು. ಕೊಯ್ನಾ ಕಡೆಯಿಂದ, ಪಂಚಗಂಗಾ ಕಡೆಯಿಂದ, ಇತ್ತ ದೂಧಗಂಗಾ ಬೇರೆ. ಹೊಳೀ ದಂಡಿಯ ನಮ್ಮ ಅತ್ತೆ ಮನೆಗೆ ನೀರು ನುಗ್ಗಿ ನಾಕು ದಿನ ನಿಂತಿತು. ಮಣ್ಣಿನ ಗೋಡೆ. ಹಿಂದಿನ ಗೋಡೆ ಕೂತೇ ಹೋಯ್ತು, ಮುಂದಿನದು ನಿಂತಿತ್ತು ಆದ್ರೆ ಒಳಗೆ ನೀರು ಕುಡಿದು ಉಬ್ಬಿತ್ತು. ಆಮೇಲೆ ಸರ್ವೆ. ಎ, ಬಿ, ಸಿ ಅಂತ ವರ್ಗ. ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಸಿ ವರ್ಗಕ್ಕೆ ಅದರ ಒಂದು ಸಣ್ಣ ಚೂರು. ನೋಡೋಕೆ ಬಂದವರು ಬಾಗಿಲಲ್ಲೇ ನಿಂತು ಮುಂದಿನ ಗೋಡೆ ನೋಡಿ ಸಿ ಅಂತ ಬರೆದ್ರು. ಹಿಂದೆ ಬಂದು ನೋಡ್ರಿ ಅಂದ್ವಿ. ಆಗ ಅವರು ಹೇಳಿದ್ದು, ಇವತ್ತಿಗೂ ಕಿವಿಯಲ್ಲಿದೆ: "ಹಾನಿ ಅನ್ನೋದು ಸಾಪೇಕ್ಷ ಇರ್ತೈತ್ರಿ. ನಿಮಗ ದೊಡ್ಡದು ಕಾಣ್ತೈತಿ, ನಮಗ ಎಲ್ಲಾ ಊರು ನೋಡಿದ ಮ್ಯಾಲ ಸಣ್ಣದು."

ನಾನಾಗ ಇಂಜಿನಿಯರಿಂಗ್ ಓದ್ತಿದ್ದೆ. ಬಾಯಿಗೆ ಉತ್ತರ ಬರಲಿಲ್ಲ. ಅವರೇನೋ ದೊಡ್ಡ ವಿಜ್ಞಾನದ ಮಾತು ಹೇಳಿದ್ರು ಅನ್ನೋ ಹಾಗೆ ಸುಮ್ಮನೆ ನಿಂತಿದ್ದೆ. ಅತ್ತೇನೂ ಸುಮ್ಮನಾದ್ರು. ಇವತ್ತಾಗಿದ್ರೆ ಹೇಳ್ತಿದ್ದೆ: ಬಾಗಿಲಿಂದ ಒಂದು ಗೋಡೆ ಕಾಣೋದು, ಹಿತ್ತಿಲಿಂದ ಇನ್ನೊಂದು ಕಾಣೋದು ಸರಿ ಸರ್, ನೀವು ನಿಂತ ಜಾಗ ಬರಕೊಳ್ಳಿ. ಆದ್ರೆ ಗೋಡೆ ಬಿದ್ದಿದೆ ಅನ್ನೋದು ಯಾವ ಕಡೆಯಿಂದ ನೋಡಿದ್ರೂ ಬಿದ್ದಿದೆ. ಟೇಪ್ ತಗೊಳ್ಳಿ. ಆ ಟೇಪಿನ ಮೀಟರನ್ನ 1983ರಿಂದ ಜಗತ್ತು ಬೆಳಕಿನ ವೇಗದ ಮೇಲೇ ಕೂರಿಸಿದೆ, ಸೆಕೆಂಡಿನ 299792458ರಲ್ಲಿ ಒಂದು ಪಾಲು ಹೊತ್ತಲ್ಲಿ ಬೆಳಕು ಹೋಗೋ ದೂರ ಅಂತ. ನೀವು ಹೆಸರು ಹೇಳ್ತಿರೋ ಆ ಐನ್‌ಸ್ಟೈನ್‌ದೇ ಕೆಲಸ ಅದು. ಅಳೀರಿ.

ಅಳೆಯಲಿಲ್ಲ. ಸಿ ಅಂತಲೇ ಉಳೀತು. ಅತ್ತೆ ಮನೆಯ ಆ ಉಬ್ಬಿದ ಗೋಡೆ ಮರುವರ್ಷದ ಮಳೆಗೆ ಬಿತ್ತು. ಈಗ ಅಲ್ಲಿ ತಗಡಿನ ಶೆಡ್ ಇದೆ, ಮೂಲೆ ಕಂಬದ ಮೇಲೆ 2019ರ ನೀರಿನ ಗೆರೆ ಇನ್ನೂ ಕಾಣುತ್ತೆ. ಮೊನ್ನೆ ಭಾಷಣ ಕೇಳಿ ಬಂದ ಮರುದಿನ ಹೋಗಿ ಅಳೆದೆ. ನೆಲದಿಂದ 4 ಅಡಿ 3 ಇಂಚು.

ಜಿಪಿಎಸ್ ಪ್ರೋಗ್ರಾಂ ಯಾರಿಗಾದ್ರೂ ಬೇಕಿದ್ರೆ ಕೆಳಗೆ ಹೇಳಿ, ಸ್ವಲ್ಪ ಕ್ಲೀನ್ ಮಾಡಿ ಹಾಕ್ತೀನಿ. ಕಾಮೆಂಟುಗಳೆಲ್ಲ ಅವ್ವನಿಗೆ ಹೆದರಿ ಅರ್ಧರ್ಧ ಬರೆದವು, ನಗಬೇಡಿ :-) ಲೆಕ್ಕದಲ್ಲಿ ತಪ್ಪು ಸಿಕ್ರೆ ಖಂಡಿತ ತಿಳಿಸಿ. ಎಷ್ಟು ತಪ್ಪು, ಯಾವ ದಿಕ್ಕಿಗೆ ಅನ್ನೋದರ ಸಮೇತ.